ಇಂಗ್ಲಿಷಿಗೂ ಬಾಗಿಲು ಹಾಕಿತ್ತು ಹಾರ್ವರ್ಡು!



ಟೋಫೆಲ್, ಜಿಆರ್‌ಇ ಎಂದು ಕೋಚಿಂಗ್ ಸೆಂಟರಿನ ಮೆಟ್ಟಿಲು ಹತ್ತಿ ಇಳಿಯುತ್ತಿರುವವರು ನಿಮ್ಮಲ್ಲಿ ಎಷ್ಟು ಮಂದಿ? ನಿಮ್ಮನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಹೋಗಿ, ಓದಿ, ಗೆದ್ದು ಬನ್ನಿ. ಆದರೆ ನೀವು ಸೇರಬೇಕೆಂದಿರುವ ಅಮೆರಿಕದ ವಿದ್ಯಾಲಯಗಳ ಚರಿತ್ರೆಯಲ್ಲಿ ಒಂದು ಸಂಗತಿಯಿದೆ. ಅದನ್ನು ಯಾವ ಕೋಚಿಂಗ್ ಸೆಂಟರಿನವನೂ ನಿಮಗೆ ಹೇಳುವುದಿಲ್ಲ. ಅಲ್ಲಿ ಇನ್ನೂರು ವರ್ಷ ಇಂಗ್ಲಿಷೇ ಜಗುಲಿಯ ಮೇಲೆ ಕೂತಿತ್ತು!

ಹೌದು ಸ್ವಾಮಿ. 1636ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಸಭೆ 400 ಪೌಂಡ್ ಮಂಜೂರು ಮಾಡಿ ಶುರು ಮಾಡಿದ ಕಾಲೇಜು ಹಾರ್ವರ್ಡ್. ಕಟ್ಟಿದವರು ಇಂಗ್ಲಿಷರು, ಸೇರಿದ ಹುಡುಗರು ಇಂಗ್ಲಿಷರ ಮಕ್ಕಳು. ಮನೆಯಲ್ಲಿ ಇಂಗ್ಲಿಷು, ಸಂತೆಯಲ್ಲಿ ಇಂಗ್ಲಿಷು, ಚರ್ಚಿನಲ್ಲೂ ಇಂಗ್ಲಿಷು. ಆದರೆ 1640ರ ದಶಕದ ಕಾಲೇಜು ನಿಯಮ ಏನೆನ್ನುತ್ತಿತ್ತು ಗೊತ್ತೇ? ಮಾತೃಭಾಷೆ ಆಡಕೂಡದು! ಇಂಗ್ಲಿಷಿನಲ್ಲಿ ಭಾಷಣ ಮಾಡು ಎಂದು ಹೇಳಿದಾಗ ಮಾತ್ರ ಬಾಯಿ ಬಿಡಬಹುದು. ಸಿಸೆರೊನ ಲ್ಯಾಟಿನ್ ಓದಲು ಬಾರದವನಿಗೆ ಸೀಟೇ ಇಲ್ಲ. ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿ ದಂಡ ಕಟ್ಟಿದ ನೆನಪು ನಿಮಗಿದ್ದರೆ ಆ ಹುಡುಗರ ಮುಖ ಕಾಣಿಸೀತು.

ಬರಬರುತ್ತಾ ಪಾಠ ಇಂಗ್ಲಿಷಿಗೆ ತಿರುಗಿತು. ಆದರೆ ಇಂಗ್ಲಿಷು ಕೂಡ ಒಂದು ವಿದ್ಯೆ ಎಂಬ ಮಾನ ಸಿಗಲಿಲ್ಲ. ಸತ್ತ ಭಾಷೆಗಳು ಯಾಕೆ ಬೇಕು ಎಂದು ಜನ ಕೇಳತೊಡಗಿದಾಗ, 1828ರಲ್ಲಿ ಯೇಲ್ ಕಾಲೇಜು ಒಂದು ವರದಿಯನ್ನೇ ಹೊರಡಿಸಿ, ಬುದ್ಧಿಯನ್ನು ಪಳಗಿಸಲು ಲ್ಯಾಟಿನ್, ಗ್ರೀಕ್ ಬೇಕೇ ಬೇಕು ಎಂದು ವಾದಿಸಿತು. ಕನ್ನಡದಲ್ಲಿ ವಿಜ್ಞಾನ ಬರುತ್ತದೇನ್ರೀ ಎಂದು ನಗುವ ನಮ್ಮ ಮೇಧಾವಿಗಳ ದನಿಯೂ ಇದೇ ತಾನೆ?

ಹಾರ್ವರ್ಡಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕ ಎಂಬ ಹುದ್ದೆ ಹುಟ್ಟಿದ್ದು 1876ರಲ್ಲಿ. ಕಾಲೇಜಿಗೆ ಆಗ 240 ವರ್ಷ! ಆ ಹುದ್ದೆಗೆ ಬಂದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅದಕ್ಕೆ ಮುಂಚೆ 25 ವರ್ಷ ಹುಡುಗರ ಪ್ರಬಂಧ ತಿದ್ದಿ ತಿದ್ದಿ ಸುಸ್ತಾಗಿದ್ದವನು. ಅವನು ಪ್ರೀತಿಯಿಂದ ಮಾಡಿದ ಕೆಲಸವೆಂದರೆ ಹಳ್ಳಿಗರ ಲಾವಣಿಗಳ ಸಂಗ್ರಹ. ನಮ್ಮ ಜನಪದ ಸಂಗ್ರಾಹಕರ ಕುಲದವನು ಅನ್ನಿ.

ಈ ನಡುವೆ ಕಾಲೇಜಿನ ಬಾಗಿಲನ್ನು ಜೋರಾಗಿ ಗುದ್ದಿದ್ದು ರೈತರ, ಕೂಲಿಕಾರರ ಮಕ್ಕಳ ಅಗತ್ಯ. 1862ರ ಜುಲೈ 2ರಂದು, ಅಂತರ್ಯುದ್ಧದ ನಡುವೆಯೇ, ಲಿಂಕನ್ ಮಾರಿಲ್ ಕಾಯ್ದೆಗೆ ಸಹಿ ಹಾಕಿದ. ಸಂಸತ್ತಿನಲ್ಲಿ ರಾಜ್ಯಕ್ಕಿದ್ದ ಒಬ್ಬೊಬ್ಬ ಸದಸ್ಯನ ಲೆಕ್ಕಕ್ಕೂ 30,000 ಎಕರೆ. ಮಾರಿ, ಬಂದ ದುಡ್ಡಿನಲ್ಲಿ ಬೇಸಾಯ, ಯಂತ್ರವಿದ್ಯೆ ಕಲಿಸಿ ಎಂದಿತು ಕಾಯ್ದೆ. ಕಾರ್ನೆಲ್ ಬೆಳೆದದ್ದು, ಮಿಷಿಗನ್, ಅಯೋವಾದ ಕೃಷಿ ಕಾಲೇಜುಗಳು ಚಿಗುರಿದ್ದು ಈ ದುಡ್ಡಿನಿಂದ. ಮಣ್ಣಿನ ಗುಣ, ಉಗಿಯಂತ್ರದ ಲೆಕ್ಕ ಎಲ್ಲ ಆಡುಮಾತಿನಲ್ಲೇ. 1880ರ ದಶಕದಲ್ಲಿ ಹಾರ್ವರ್ಡು ಕೂಡ ಸೇರಲು ಗ್ರೀಕ್ ಕಡ್ಡಾಯವೆಂಬ ನಿಯಮ ಬಿಟ್ಟಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿದೆ. ಆದರೆ ಆ ಎಕರೆಗಳು ಯಾರವು?

ಮೂಲನಿವಾಸಿಗಳವು. ಒಂದು ಕೋಟಿ ಎಕರೆಗೂ ಮಿಕ್ಕಿ! ಅವರ ನುಡಿಗೂ ಹಾರ್ವರ್ಡಿನಲ್ಲಿ ಒಂದು ಕಾಲಕ್ಕೆ ಮನೆಯಿತ್ತು. ಇಂಗ್ಲಿಷ್ ಮತ್ತು ಇಂಡಿಯನ್ ಯುವಕರಿಗಾಗಿ ಈ ಕಾಲೇಜು ಎಂದು 1650ರ ಸನ್ನದಿನಲ್ಲೇ ಬರೆದಿದೆ. ಅವರಿಗಾಗಿ ಇಟ್ಟಿಗೆಯ ಕಟ್ಟಡವೂ ಎದ್ದಿತು. ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಅಚ್ಚಾದ ಮೊಟ್ಟಮೊದಲ ಬೈಬಲ್ಲು ಇಂಗ್ಲಿಷಿನದಲ್ಲ, ವಾಂಪನೋಗ್ ಭಾಷೆಯದು. ಅಚ್ಚಾದದ್ದು ಹಾರ್ವರ್ಡಿನಲ್ಲಿ, 1663ರಲ್ಲಿ. ಮೊಳೆ ಜೋಡಿಸಿದವರಲ್ಲಿ ನಿಪ್ಮಕ್ ಬುಡಕಟ್ಟಿನ ಹುಡುಗನೊಬ್ಬನಿದ್ದ. ಇಡೀ ಇಂಗ್ಲಿಷ್ ಬೈಬಲ್ಲು ಅಮೆರಿಕದಲ್ಲಿ ಅಚ್ಚಾಗಲು 1782 ಬರಬೇಕಾಯಿತು! 1665ರಲ್ಲಿ ವಾಂಪನೋಗ್ ತರುಣ ಕ್ಯಾಲೆಬ್ ಚೀಶಾಹ್ಟೊಮಕ್ ಲ್ಯಾಟಿನ್ ಗೆದ್ದು ಪದವಿ ಪಡೆದ. ಮರುವರ್ಷವೇ ಕ್ಷಯದಿಂದ ತೀರಿಕೊಂಡ. 1675ರಲ್ಲಿ ಯುದ್ಧ ಹತ್ತಿಕೊಂಡಿತು, 1698ರಲ್ಲಿ ಆ ಕಟ್ಟಡವನ್ನೇ ಕೆಡವಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನುಡಿ ಮೌನವಾಯಿತು.

ನೋಡಿ, ಅಚ್ಚಾದ ಪುಸ್ತಕವಿತ್ತು, ಹಾರ್ವರ್ಡಿನ ಡಿಗ್ರಿಯೂ ಇತ್ತು. ಕಾಲ ಕೆಳಗಿನ ನೆಲ ಹೋಯಿತು, ಆಡುವ ಮಂದಿ ಚದುರಿದರು. ಜಗುಲಿಯ ಮೇಲಿದ್ದ ಇಂಗ್ಲಿಷಿಗೆ ಸಾಯುವ ಭಯ ಎಂದೂ ಇರಲಿಲ್ಲ. ಅದರ ಬೆನ್ನಿಗೆ ಕೋರ್ಟು, ಮಾರುಕಟ್ಟೆ, ಬಂದೂಕು ಮೂರೂ ಇದ್ದವು. ನಾನು ಈ ಎರಡು ಕಥೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾರೆ.

ವಾಂಪನೋಗ್ ಕಥೆ ಮಾತ್ರ ಅಲ್ಲಿಗೇ ಮುಗಿಯಲಿಲ್ಲ. 1993ರಲ್ಲಿ ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬ ಅದೇ ಜನಾಂಗದ ಹೆಣ್ಣುಮಗಳು ಆ ನುಡಿಯನ್ನು ಮರಳಿ ಪಡೆಯಲು ಹೊರಟಳು. ಎಂಐಟಿ ಸೇರಿ (ಅದೂ ಮಾರಿಲ್ ಕಾಯ್ದೆಯ ದುಡ್ಡು ಉಂಡದ್ದೇ!) 2000ದಲ್ಲಿ ಭಾಷಾಶಾಸ್ತ್ರದ ಪದವಿ ಪಡೆದಳು. 1663ರ ಆ ಬೈಬಲ್ಲು, ತನ್ನ ಪೂರ್ವಿಕರು ಬರೆದಿಟ್ಟ ಜಮೀನಿನ ಪತ್ರಗಳು, ಇವುಗಳಿಂದ ಒಂದೊಂದೇ ಪದ ಹೆಕ್ಕಿದಳು. ಆಕೆಯ ಮಗಳು ಆ ನುಡಿಯಲ್ಲೇ ತೊದಲಿ ಬೆಳೆದಳು. ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ಅದನ್ನು ಹುಟ್ಟುನುಡಿಯಾಗಿ ಆಡಿದ ಮೊದಲ ಮಗು ಅವಳು.