ಹಿತ್ತಲ ಗಿಡವೂ ಗಾಜಿನ ಕಪಾಟಿನ ಸ್ಮರಣಿಕೆಯೂ

ಕಳೆದ ದೀಪಾವಳಿಯ ಮುಂಚೆ ಕೋಪರಖೈರಣೆಯ ನಮ್ಮ ಮನೆಯ ಗಾಜಿನ ಕಪಾಟನ್ನು ಬರಿದು ಮಾಡಿದೆವು. ಹದಿನಾಲ್ಕು ಸ್ಮರಣಿಕೆಗಳು ಹೊರಬಂದವು. ಒಂದೂ ಕಟ್ಟಿಗೆಯದಲ್ಲ, ಲೋಹದ್ದಲ್ಲ, ಮಣ್ಣಿನದಲ್ಲ. ಎಲ್ಲವೂ ಪ್ಲಾಸ್ಟಿಕ್ಕು, ಫೈಬರು, ಮೇಲೊಂದು ಚಿನ್ನದ ಬಣ್ಣ, ನಡುವೆ ಅಂಟಿಸಿದ ಕಾಗದದಲ್ಲಿ ಸಂಘದ ಹೆಸರು. ಭಂಗಾರಿನವನನ್ನು ಕರೆದು ತೋರಿಸಿದೆವು. ಹಳೆಯ ಪತ್ರಿಕೆಗಳನ್ನು ತೂಗಿ ದುಡ್ಡು ಎಣಿಸಿ ಕೊಟ್ಟ ಆತ, ಸ್ಮರಣಿಕೆಗಳನ್ನು ಮಾತ್ರ ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟ. "ಇದಕ್ಕೆ ಏನೂ ಬರೋದಿಲ್ಲ ಸೇಠ್" ಎಂದ. ಸನ್ಮಾನಿತರಾದ ನಮಗೆ ಆ ಕ್ಷಣ ಆದ ನಾಚಿಕೆಯನ್ನು ಓದುಗರೇ ಊಹಿಸಿಕೊಳ್ಳಬೇಕು.

ಆದರೆ ತಪ್ಪು ಕೊಟ್ಟವರದು ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಸಮಿತಿಯಲ್ಲಿ ಕುಳಿತು ಇಂಥವನ್ನೇ ಡಜನ್ ಲೆಕ್ಕದಲ್ಲಿ ತರಿಸಿದವರಲ್ಲಿ ನಾವೂ ಇದ್ದೇವೆ. ರಾಜ್ಯೋತ್ಸವಕ್ಕೆ ಎರಡು ದಿನ ಉಳಿದಿದೆ ಎನ್ನುವಾಗ ಯಾರಾದರೊಬ್ಬರು ಮುಂಬಯಿಯ ಸಗಟು ಪೇಟೆಗೆ ಓಡಬೇಕು. ಸ್ಮರಣಿಕೆ, ಯಂತ್ರಮಗ್ಗದ ಶಾಲು, ಹೊಲಿದಿಟ್ಟ ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಒಂದೇ ಟ್ಯಾಕ್ಸಿಯಲ್ಲಿ ಬರಬೇಕು. ಸಂಜೆ ಅವನ್ನು ಕೊಡುತ್ತ "ನಮ್ಮ ನಾಡು, ನಮ್ಮ ನುಡಿ, ನಮ್ಮ ಸಂಸ್ಕೃತಿ" ಎಂದು ಗಂಟಲು ಹರಿಯುವಂತೆ ಮಾತಾಡಬೇಕು. ಸ್ಮರಣಿಕೆ ಎಂದರೆ ನೆನಪು ಮಾಡಿಕೊಡುವುದು. ಕನ್ನಡ ಸಂಘ ಕೊಡುವ ವಸ್ತುವಿನಲ್ಲಿ ಕನ್ನಡ ನಾಡಿನ ಒಂದು ಕೈಯ ಗುರುತೂ ಇಲ್ಲವಾದರೆ ಅದು ಯಾರ ನೆನಪು ಎಂದು ನಾವು ಕೇಳುತ್ತೇವೆ.

ನಾಡಿನಲ್ಲಿ ಕೊಡುವಂಥದ್ದು ಇಲ್ಲವೆ? ಬೀದರಿನಲ್ಲಿ ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅದರ ಮೇಲೆ ಉಳಿಯಿಂದ ಚಿತ್ತಾರ ಕೊರೆದು ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಬಿದರಿ ಕಲೆಯ ಹಿರಿಯ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ತಿರುಗಣಿಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ; ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರ ಮನೆಗಳವರು ಹಗುರ ಮರದ ಗೊಂಬೆಗಳಿಗೆ ಹುಣಸೆ ಬೀಜದ ಅಂಟು ಬಳಸಿ ಮೈ ತುಂಬುತ್ತಾರೆ. ಇಳಕಲ್ಲಿನ ನೇಕಾರರು ಸೀರೆಯ ಒಡಲ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಆ ಜೋಡಣೆಗೆ 'ತೋಪು ತೆನಿ' ಎನ್ನುತ್ತಾರೆಂಬುದು ನಮ್ಮಲ್ಲಿ ಎಷ್ಟು ಮನೆಯ ಹೆಣ್ಣುಮಕ್ಕಳಿಗೆ ಗೊತ್ತು?

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗಾಗಿಯೇ ಹುಟ್ಟಿರಬೇಕು. ಗುಳೇದಗುಡ್ಡದ ಖಣವನ್ನೇ ನೋಡಿ. ನಮ್ಮ ಅಜ್ಜಿಯರು ತೊಡುತ್ತಿದ್ದ ಕುಪ್ಪಸದ ಬಟ್ಟೆ ಅದು. ನಮ್ಮವರು ಅದನ್ನು "ಹಳ್ಳಿಯವರದು" ಎಂದು ಬಿಟ್ಟರು. ನೆರೆಯ ಮರಾಠಿ ಹೆಣ್ಣುಮಕ್ಕಳು ಬಿಡಲಿಲ್ಲ. ಸೀರೆ ಮಾಡಿಸಿಕೊಂಡರು, ಚೀಲ ಹೊಲಿಸಿಕೊಂಡರು, ಹಬ್ಬಕ್ಕೆ ಮಕ್ಕಳಿಗೆ ಲಂಗ ತೊಡಿಸಿದರು. ಈಗ ದಾದರ್, ಠಾಣೆಯ ಅಂಗಡಿಗಳಲ್ಲಿ ಖಣ ಕಂಡರೆ ನಮ್ಮ ಮನೆಯವರು "ಇದು ಮಹಾರಾಷ್ಟ್ರದ ಬಟ್ಟೆ, ಎಷ್ಟು ಚೆಂದ!" ಎನ್ನುತ್ತಾರೆ. ಬಾಗಲಕೋಟೆ ಜಿಲ್ಲೆಯ ಹೆಸರು ಬಾಯಿಗೆ ಬರುವುದಿಲ್ಲ. ಮರಾಠಿಗರನ್ನು ನಾವು ದೂರುತ್ತಿಲ್ಲ. ಉಟ್ಟವರು ಉಳಿಸಿದರು. ಅಲ್ಲಿಯೂ ಯಂತ್ರಮಗ್ಗದ ನಕಲು ತುಂಬಿದೆ ಎಂಬುದು ಬೇರೆ ಮಾತು. ಆದರೆ ಅಸಲು ಯಾವುದೆಂದು ಹೇಳಬೇಕಾದವರು ನಾವಲ್ಲವೆ?

ಇನ್ನು ಕೊಳ್ಳುವ ರೀತಿ. ಬೇಲಾಪುರದಲ್ಲಿ ಸಿಡ್ಕೊದವರ ಅರ್ಬನ್ ಹಾಟ್ ಇದೆ. ಕುಶಲಕರ್ಮಿಗಳು ತಮ್ಮ ಸರಕನ್ನು ತಾವೇ ಮಾರಲೆಂದು ಕಟ್ಟಿಸಿದ ಜಾಗ. ಅಲ್ಲೊಮ್ಮೆ ನಾವು ಚನ್ನಪಟ್ಟಣದ ಬೊಂಬೆ ಮಾರುವವರೊಡನೆ ಇಪ್ಪತ್ತು ರೂಪಾಯಿಗಾಗಿ ಕಾಲು ಗಂಟೆ ಚೌಕಾಶಿ ಮಾಡಿದೆವು. ನಾವು ಕನ್ನಡದವರೆಂದು ತಿಳಿದು ಆತ ಸಂತೋಷಪಟ್ಟಿದ್ದ. ಆ ಸಂತೋಷವನ್ನೇ ಬಳಸಿಕೊಂಡು ಇನ್ನೂ ಹತ್ತು ಇಳಿಸಿದೆವು. ಅದೇ ಸಂಜೆ ವಾಶಿಯ ಮಾಲ್‌ನಲ್ಲಿ ಮೊಮ್ಮಗನಿಗೆ ಬ್ಯಾಟರಿಯ ಕಾರು ಕೊಂಡಾಗ, ಡಬ್ಬಿಯ ಮೇಲೆ ಅಚ್ಚಾದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಟ್ಟೆವು. ಕಾರು ವಾರದೊಳಗೆ ನಿಂತಿತು. ಬೊಂಬೆಯ ಬಣ್ಣ ಇನ್ನೂ ಹೋಗಿಲ್ಲ. ಅಚ್ಚಾದ ಬೆಲೆಗೆ ತಲೆಬಾಗುವ ನಾವು, ಕಣ್ಣೆದುರಿನ ಕೈಯ ಬೆಲೆಯನ್ನು ಮಾತ್ರ ಯಾವಾಗಲೂ ಸುಳ್ಳೆಂದೇ ತಿಳಿಯುತ್ತೇವೆ.

ಈ ರೋಗ ನಮಗೊಬ್ಬರಿಗೇ ತಗುಲಿದ್ದಲ್ಲ. ಪಶ್ಚಿಮ ಆಫ್ರಿಕದ ಸಂತೆಗಳಿಗೆ ಹೋದ ಪ್ರವಾಸಿಗಳು ಢಾಳಾದ ಬಣ್ಣದ ಮೇಣದಚ್ಚಿನ ಬಟ್ಟೆಯನ್ನು "ಅಪ್ಪಟ ಆಫ್ರಿಕದ್ದು" ಎಂದು ಕೊಂಡು ತರುತ್ತಾರೆ. ಅದರ ಮೂಲ ಜಾವಾದ ಬಾಟಿಕ್. ಅದನ್ನು ಯಂತ್ರದಲ್ಲಿ ನಕಲು ಮಾಡಿದವರು ಡಚ್ಚರು. ಹೆಲ್ಮಂಡ್ ಊರಿನಲ್ಲಿ 1846ರಲ್ಲಿ ಆರಂಭವಾದ ವ್ಲಿಸ್ಕೊ ಕಂಪನಿ ಇಂದಿಗೂ ಅದನ್ನು ಅಚ್ಚು ಹಾಕುತ್ತಿದೆ. ಘಾನಾ ದೇಶದ ಬಾನ್‌ವಿರೆ ಊರಿನ ನೇಕಾರರು ಅಂಗೈಯಗಲದ ಪಟ್ಟಿಗಳನ್ನು ನೇಯ್ದು ಒಂದಕ್ಕೊಂದು ಹೊಲಿದು ಮಾಡುವ ಕೆಂಟೆ ಬಟ್ಟೆಯ ಪಕ್ಕದಲ್ಲೇ ಅದರ ಅಚ್ಚಿನ ನಕಲು ಅಗ್ಗಕ್ಕೆ ಬಿಕರಿಯಾಗುತ್ತದೆ. ಆದರೆ ಅವರು ಬರೀ ಭಾಷಣ ಮಾಡಿ ಕೂರಲಿಲ್ಲ. 2004ರಲ್ಲಿ ಘಾನಾ ಸರ್ಕಾರವು ಶುಕ್ರವಾರ ಕಚೇರಿಗೆ ದೇಶದ ಬಟ್ಟೆ ಉಟ್ಟು ಬನ್ನಿ ಎಂದು ಜನರಿಗೆ ಕರೆ ಕೊಟ್ಟಿತು. ಅವರು ವಾರಕ್ಕೊಂದು ದಿನ ಮಾಡಹೊರಟದ್ದನ್ನು ನಾವು ವರ್ಷಕ್ಕೊಂದು ದಿನ, ನವೆಂಬರ್ ಒಂದರಂದು, ಮಾಡಲಾರೆವೆ?

ಸಮಿತಿಯ ಗೆಳೆಯರು ಏನು ಹೇಳುತ್ತಾರೆಂಬುದು ನಮಗೆ ಗೊತ್ತು. ಮೊದಲ ಮಾತು, ದುಬಾರಿ. ಬಿದರಿಯ ಹೂಜಿ ದುಬಾರಿಯೇ. ಚನ್ನಪಟ್ಟಣದ ಕುಂಕುಮ ಭರಣಿ ದುಬಾರಿಯಲ್ಲ. ನಮ್ಮ ಸಭೆಗಳಲ್ಲಿ ಮುಖ್ಯ ಅತಿಥಿಯಿಂದ ಹಿಡಿದು ಮೈಕಿನವರವರೆಗೆ ಸನ್ಮಾನ ನಡೆಯುತ್ತದೆ. ನಲವತ್ತು ಜನಕ್ಕೆ ಕೊಡುವ ಬದಲು ಹತ್ತು ಜನಕ್ಕೆ ಕೊಟ್ಟರೆ ಹಣವೂ ಉಳಿದೀತು, ಸಭೆಯೂ ಊಟದ ಹೊತ್ತಿಗೆ ಮುಗಿದೀತು. ಎರಡನೆಯದು, ಅಸಲು ನಕಲು ತಿಳಿಯದು. ತಿಳಿಯಲು ಕಲಿಯಬೇಕು. ಕೈಮಗ್ಗದ ಬಟ್ಟೆಗೆ 2006ರಿಂದ ಸರ್ಕಾರದ ಗುರುತಿದೆ. ಇಳಕಲ್ ಸೀರೆಯಾದರೆ ಸೆರಗು ಸೇರುವಲ್ಲಿ ಕುಣಿಕೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಮೂರನೆಯದು, ಸರ್ಕಾರ ನೋಡಿಕೊಳ್ಳುತ್ತದೆ. ಸರ್ಕಾರ ತನ್ನ ಕೆಲಸ ಒಂದಿಷ್ಟು ಮಾಡಿದೆ. ಕರಕುಶಲ ಅಭಿವೃದ್ಧಿ ನಿಗಮ 1964ರಿಂದ ಇದೆ, ಅದರ ಕಾವೇರಿ ಮಳಿಗೆಗಳಿವೆ. ಸ್ಥಳದ ಹೆಸರನ್ನು ಕಾಯುವ ಭೌಗೋಳಿಕ ಸೂಚಕದ ಕಾಯ್ದೆ 1999ರಲ್ಲಿ ಆಗಿ 2003ರಲ್ಲಿ ಜಾರಿಗೆ ಬಂತು. ಚನ್ನಪಟ್ಟಣ, ಬೀದರ್, ಇಳಕಲ್, ಕಿನ್ನಾಳ ಎಲ್ಲಕ್ಕೂ ಆ ರಕ್ಷೆ ಸಿಕ್ಕಿದೆ. ಆದರೆ ಕಾಯ್ದೆಯು ಹೆಸರನ್ನು ಕದಿಯುವವನನ್ನು ಹಿಡಿದೀತು. ಕೊಳ್ಳದವನನ್ನು ಹಿಡಿಯುವ ಕಾಯ್ದೆ ಎಲ್ಲಿಯೂ ಇಲ್ಲ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆವು. ನವಿ ಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಲಂಬಾಣಿ ಹೆಣ್ಣುಮಕ್ಕಳೂ ಇದ್ದಾರೆ. ಬೆಳಿಗ್ಗೆ ಕೂಲಿಗಾಗಿ ನಾಕಾದಲ್ಲಿ ನಿಂತ ಅವರನ್ನು ದಾಟಿಕೊಂಡೇ ನಾವು ರೈಲು ಹಿಡಿಯುತ್ತೇವೆ. ಕನ್ನಡಿ, ಕವಡೆ ಇಟ್ಟು ಹೊಲಿಯುವ ಕಸೂತಿ ಅವರ ತಾಯಂದಿರ ಕೈಯ ವಿದ್ಯೆ. ಅದೇ ಬಗೆಯ ಚೀಲವನ್ನು ಹವಾನಿಯಂತ್ರಿತ ಅಂಗಡಿಯಲ್ಲಿ ಸಾವಿರ ಕೊಟ್ಟು ಕೊಳ್ಳುತ್ತೇವೆ. ಇವರಲ್ಲಿ ಯಾರಿಗಾದರೂ ಸೂಜಿ ಹಿಡಿಯಲು ಇನ್ನೂ ಬರುತ್ತದೆಯೆ ಎಂದು ನಮ್ಮ ಯಾವ ಮಹಿಳಾ ವಿಭಾಗವೂ ಒಮ್ಮೆಯಾದರೂ ಕೇಳಿದ್ದುಂಟೆ? ನಾವು ಕೇಳಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೆ. ಈ ರಾಜ್ಯೋತ್ಸವದಿಂದ ಪ್ಲಾಸ್ಟಿಕ್ ಸ್ಮರಣಿಕೆ ನಿಲ್ಲಲಿ. ಸ್ಮರಣಿಕೆಗೆ ಬೇಕಾದ್ದನ್ನು ಆಗಸ್ಟ್ ತಿಂಗಳಲ್ಲೇ ಮಾಡುವವರಿಗೆ ಹೇಳಿ, ಅರ್ಧ ಹಣ ಮುಂಗಡ ಕಳಿಸಲಿ. ಕೊನೆಯ ಗಳಿಗೆಯ ಓಟವೇ ನಕಲಿಗೆ ದಾರಿ. ವಸ್ತುವಿನ ಜೊತೆ ಒಂದು ಚೀಟಿಯಿರಲಿ. ಅದರಲ್ಲಿ ಅಧ್ಯಕ್ಷರ ಹೆಸರಿಗಿಂತ ಮೊದಲು ಮಾಡಿದವರ ಹೆಸರು, ಊರು ಇರಲಿ. ಊರಿನಿಂದ ಬರುವಾಗ ಬಂಧುಗಳು ಪೇಡೆ, ಕುಂದಾ, ಹಲಸಿನ ಹಪ್ಪಳದ ಜೊತೆ ಇಂಥದ್ದೊಂದನ್ನೂ ಗಂಟಿಗೆ ಸೇರಿಸಲಿ. ತಂದದ್ದನ್ನು ಗಾಜಿನ ಹಿಂದೆ ಪೂಜೆಗಿಡದೆ ಬಳಸಲಿ.

ನಮ್ಮ ತಾಯಿಯ ಇಳಕಲ್ ಸೀರೆ ಹರಿದ ಮೇಲೆ ಊರಿನಲ್ಲಿ ಅದನ್ನು ಕೌದಿಗೆ ಹೊಲಿಸಿದ್ದರು. ಚಳಿಗಾಲದಲ್ಲಿ ಇಂದಿಗೂ ಮೊಮ್ಮಗ ಅದನ್ನೇ ಹೊದೆಯುತ್ತಾನೆ. ಕೆಂಪು ಸೆರಗಿನ ತುಂಡು ತನ್ನ ಕಡೆಗೇ ಬರಬೇಕೆಂದು ಜಗಳವಾಡುತ್ತಾನೆ. ಹದಿನಾಲ್ಕು ಸ್ಮರಣಿಕೆಗಳು ಮಾತ್ರ ಮಹಡಿ ಮೆಟ್ಟಿಲ ಕೆಳಗೆ ಗೋಣಿಚೀಲದಲ್ಲಿ ಬಿದ್ದಿವೆ. ಬೇಕಾದ ಸಂಘಗಳು ತಮ್ಮ ಹೆಸರಿನ ಚೀಟಿ ಅಂಟಿಸಿಕೊಂಡು ಒಯ್ಯಬಹುದು, ಬೆಲೆಯೇನೂ ಇಲ್ಲ.