ಆಲ್ಬಂ ಹೇಳದ ಬಾಲ್ಯ

ಕುಟುಂಬದ ಹಳೆಯ ಛಾಯಾಚಿತ್ರಗಳು ಬಾಲ್ಯವನ್ನು ಇದ್ದಂತೆಯೇ ಕಾಪಾಡಿಕೊಂಡು ಬಂದಿವೆ ಎಂಬ ನಂಬಿಕೆ ಎಲ್ಲೆಡೆ ಇದೆ. ಈ ನಂಬಿಕೆಯನ್ನೇ ಒರೆಗೆ ಹಚ್ಚಿದ ಕಲಾವಿದರಲ್ಲಿ ಫ್ರಾನ್ಸಿನ ಕ್ರಿಸ್ಟಿಯಾನ್ ಬೋಲ್ಟಾನ್‌ಸ್ಕಿ (1944–2021) ಪ್ರಮುಖರು. 1971ರಲ್ಲಿ ಅವರು ಸ್ನೇಹಿತರೊಬ್ಬರ ಮನೆಯ ಆಲ್ಬಂಗಳಿಂದ 1939ರಿಂದ 1964ರವರೆಗಿನ 150 ಚಿತ್ರಗಳನ್ನು ಎರವಲು ಪಡೆದು, ಯಾರು ಯಾರಿಗೆ ಏನಾಗಬೇಕು, ಯಾವ ಚಿತ್ರ ಮೊದಲಿನದು, ಯಾವುದು ಆಮೇಲಿನದು ಎಂಬುದನ್ನು ಚಿತ್ರಗಳಿಂದಲೇ ಊಹಿಸಿ, ತಗಡಿನ ಚೌಕಟ್ಟು ಹಾಕಿ ಗೋಡೆಯ ಮೇಲೆ ಸಾಲಾಗಿ ಜೋಡಿಸಿದರು. ಇಷ್ಟಾದರೂ ಆ ಕುಟುಂಬದ ಬದುಕಿನ ಬಗ್ಗೆ ತಿಳಿದದ್ದು ಏನೂ ಇರಲಿಲ್ಲ. ರಜೆಯ ವಿಹಾರ, ಕುಟುಂಬದ ಕೂಟಗಳಂಥ ಆ ಸನ್ನಿವೇಶಗಳು ಅದೇ ವರ್ಗದ ಯಾವ ಮನೆಯವಾದರೂ ಆಗಬಹುದಿತ್ತು. ಆಲ್ಬಂ ಉಳಿಸುವುದು ನೆನಪನ್ನಲ್ಲ, ಚಿತ್ರ ತೆಗೆಸಿಕೊಳ್ಳಲು ಯೋಗ್ಯವೆಂದು ಸಮಾಜ ಒಪ್ಪಿದ ಆಚಾರಗಳನ್ನು ಎಂಬುದು ಇದರಿಂದ ಸ್ಪಷ್ಟವಾಯಿತು.

ಮರುವರ್ಷ ಅವರು ಎರಡರಿಂದ ಇಪ್ಪತ್ತು ವರ್ಷದವರೆಗಿನ ತಮ್ಮವೇ ಚಿತ್ರಗಳೆಂದು ಹತ್ತು ಭಾವಚಿತ್ರಗಳನ್ನು ಪ್ರಕಟಿಸಿದರು. ಒಂದೊಂದರ ಕೆಳಗೂ ವಯಸ್ಸು, ಇಸವಿ ನಮೂದಾಗಿದ್ದವು. ವಾಸ್ತವವಾಗಿ ಅವೆಲ್ಲವೂ ಪ್ಯಾರಿಸ್ಸಿನ ಮೋಂಸೂರಿ ಉದ್ಯಾನದಲ್ಲಿ 1972ರಲ್ಲಿ ತೆಗೆದ ಬೇರೆ ಬೇರೆ ಹುಡುಗರ ಚಿತ್ರಗಳಾಗಿದ್ದು, ಕೊನೆಯದರಲ್ಲಿ ಮಾತ್ರ ಕಲಾವಿದರಿದ್ದರು. ನೋಡುಗರು ಅವನ್ನು ನಂಬಿದ್ದು ಮುಖಗಳನ್ನು ಗುರುತಿಸಿ ಅಲ್ಲ, ಕೆಳಗಿನ ಬರಹವನ್ನು ಓದಿ. ಯೆಹೂದಿ ಮೂಲದ ಅವರ ತಂದೆ ನಾಜಿ ಆಕ್ರಮಣದ ಕಾಲದಲ್ಲಿ ಮನೆಯ ನೆಲದಡಿ ಅಡಗಿ ಬದುಕಿದ್ದರೆಂಬುದನ್ನು ನೆನೆದರೆ, ಈ ಹುಸಿ ಬಾಲ್ಯದ ಹಿಂದಿರುವುದು ಕೇವಲ ಚಮತ್ಕಾರವಲ್ಲ ಎಂಬುದು ಮನದಟ್ಟಾಗುತ್ತದೆ.

ಭಾರತದಲ್ಲಿ ವಿವಾನ್ ಸುಂದರಂ (1943–2023) ಇದೇ ಸಾಮಗ್ರಿಯನ್ನು ಬೇರೊಂದು ದಿಕ್ಕಿಗೆ ಒಯ್ದರು. ಅವರ ಅಜ್ಜ ಉಮ್ರಾವ್ ಸಿಂಗ್ ಶೇರ್‌ಗಿಲ್ ದಶಕಗಳ ಕಾಲ ತಮ್ಮನ್ನೂ ಹೆಂಡತಿಯನ್ನೂ ಅಮೃತಾ, ಇಂದಿರಾ ಎಂಬ ಇಬ್ಬರು ಹೆಣ್ಣುಮಕ್ಕಳನ್ನೂ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರು. ಇಂದಿರಾ ಅವರ ಮಗನಾದ ಸುಂದರಂ, ತಾವು ಹುಟ್ಟುವ ಮೊದಲೇ, 1941ರಲ್ಲಿ, ತೀರಿಕೊಂಡ ಚಿತ್ರಕಲಾವಿದೆ ದೊಡ್ಡಮ್ಮ ಅಮೃತಾ ಅವರನ್ನು ಕಂಡದ್ದು ಚಿತ್ರಗಳಲ್ಲಿ ಮಾತ್ರ. 2001–02ರ ‘ರೀ-ಟೇಕ್ ಆಫ್ ಅಮೃತಾ’ ಸರಣಿಯಲ್ಲಿ ಅವರು ಫೋಟೊಮೊಂಟಾಜ್, ಅಂದರೆ ಹಲವು ಛಾಯಾಚಿತ್ರಗಳ ತುಣುಕುಗಳನ್ನು ಒಂದೇ ಚಿತ್ರವಾಗಿ ಕೂಡಿಸುವ ವಿಧಾನವನ್ನು ಕಂಪ್ಯೂಟರಿನ ನೆರವಿನಿಂದ ಬಳಸಿ, ಬೇರೆ ಬೇರೆ ಕಾಲದ ಬಂಧುಗಳನ್ನು ಒಂದೇ ಕೋಣೆಯಲ್ಲಿ ಎದುರುಬದುರಾಗಿಸಿದರು. ತಾನು ಅನುಭವಿಸದಿದ್ದರೂ ಹಿರಿಯರ ಚಿತ್ರ, ಕಥೆಗಳ ಮೂಲಕ ತನ್ನದೇ ಎಂಬಷ್ಟು ಗಾಢವಾಗಿ ಬಂದು ಸೇರುವ ನೆನಪನ್ನು ವಿದ್ವಾಂಸೆ ಮರಿಯಾನ್ ಹರ್ಷ್ ಪ್ರತ್ಯೇಕ ಪರಿಕಲ್ಪನೆಯಾಗಿ ಗುರುತಿಸಿದ್ದಾರೆ. ಕನ್ನಡದಲ್ಲಿ ಅದನ್ನು ಉತ್ತರಸ್ಮೃತಿ ಎನ್ನಬಹುದು. ಸುಂದರಂ ಅವರ ಸರಣಿ ಅದಕ್ಕೆ ತಕ್ಕ ನಿದರ್ಶನ.

ಒಬ್ಬರು ಆಲ್ಬಮ್ಮಿನ ಮೌನವನ್ನು ಬಯಲಿಗಿಟ್ಟರೆ, ಇನ್ನೊಬ್ಬರು ಆ ಮೌನದೊಳಕ್ಕೆ ಕಲ್ಪನೆಯಿಂದ ಪ್ರವೇಶಿಸಿದರು. ಆದರೆ ತಾವು ಕಟ್ಟಿದ್ದು ಕಟ್ಟಿದ್ದೇ ಎಂಬುದನ್ನು ಇಬ್ಬರೂ ಮರೆಮಾಚಲು ಬಯಸಲಿಲ್ಲ. ಹಳೆಯ ಚಿತ್ರಗಳಿಗೆ ಕಂದು ಬಣ್ಣ ಬಳಿದು ಹಂಬಲವನ್ನಷ್ಟೇ ಕೆರಳಿಸುವ ಕೃತಿಗಳಲ್ಲಿ ಕಾಣದ ಪ್ರಾಮಾಣಿಕತೆ ಇದು. ಮನೆಯ ಆಲ್ಬಮ್ಮನ್ನು ಕಲೆಗೆ ತರುವವರು ಚಿತ್ರದಲ್ಲಿ ಯಾರಿದ್ದಾರೆ ಎಂಬುದರ ಜೊತೆಗೆ ಯಾರಿಲ್ಲ, ಏಕಿಲ್ಲ ಎಂಬುದನ್ನೂ ಕೇಳಿಕೊಳ್ಳಬೇಕು. ಬಾಲ್ಯದ ನಿಜವಾದ ಶೋಧ ಆರಂಭವಾಗುವುದು ಆ ಪ್ರಶ್ನೆಯಿಂದಲೇ.