ಮಗುವಿನ ಕೊರಳು ಓರೆಯಾದರೆ

ಮಾಸ್ತಿಕಟ್ಟೆ, ಹುಲಿಕಲ್ಲುಗಳ ಕಡೆ ಮಳೆಗಾಲವೆಂದರೆ ಮಕ್ಕಳಿಗೆ ನೆಗಡಿ, ಗಂಟಲುನೋವುಗಳ ಕಾಲವೂ ಹೌದು. ಅವು ಬಂದುಹೋದ ಕೆಲವು ದಿನಗಳಲ್ಲಿ ಒಮ್ಮೊಮ್ಮೆ ಮಗುವು ತಲೆಯನ್ನು ಒಂದು ಭುಜದತ್ತ ವಾಲಿಸಿ, ಗಲ್ಲವನ್ನು ಮತ್ತೊಂದು ಕಡೆಗೆ ತಿರುಗಿಸಿಕೊಂಡು, ನೆಟ್ಟಗೆ ಮಾಡಲಾರದೆ ಅಳುವುದುಂಟು. ಹಿರಿಯರು ಕುತ್ತಿಗೆ ಉಳುಕಿತೆಂದು ನಿಶ್ಚಯಿಸಿ, ಎಣ್ಣೆ ನೀವಿ ಉಳುಕು ತೆಗೆಯುವವರನ್ನು ಕರೆಸುವರು. ಸಾಮಾನ್ಯ ಉಳುಕು ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುವುದೇನೋ ನಿಜ. ಆದರೆ ಓರೆಯಾದ ಕೊರಳೆಲ್ಲವೂ ಉಳುಕಿದ ಕೊರಳಲ್ಲ.

ತಲೆಬುರುಡೆಯನ್ನು ಹೊತ್ತ ಕೊರಳಿನ ಮೊದಲನೆಯ ಎಲುಬಿಗೆ ಪಾಶ್ಚಾತ್ಯರು, ಆಕಾಶವನ್ನು ಹೊತ್ತ ಗ್ರೀಕ್ ಪುರಾಣಪುರುಷನ ಹೆಸರನ್ನು ಕೊಟ್ಟು, ಅಟ್ಲಾಸ್ ಎಂದರು. ನಮಗಾದರೋ ಭೂಮಿಯನ್ನು ಹೊತ್ತ ಆದಿಶೇಷನ ನೆನಪಾಗುವುದು. ಬೀಸುವ ಕಲ್ಲಿನ ಮೇಲುಹೋಳು ನಡುಗೂಟದ ಸುತ್ತ ತಿರುಗುವಂತೆ, ಈ ಎಲುಬು ಎರಡನೆಯ ಎಲುಬಿನ ಗೂಟದ ಸುತ್ತ ತಿರುಗುವುದು. ತಲೆಯನ್ನು ಎಡಬಲಕ್ಕೆ ಹೊರಳಿಸುವುದರಲ್ಲಿ ಸುಮಾರು ಅರ್ಧ ಪಾಲು ಈ ಒಂದು ಸಂದಿನದೇ. ಮಕ್ಕಳಲ್ಲಿ ಎಲುಬುಗಳನ್ನು ಬಿಗಿದ ಅಸ್ಥಿರಜ್ಜುಗಳು ಸಡಿಲ. ದೇಹಕ್ಕೆ ಹೋಲಿಸಿದರೆ ತಲೆ ಭಾರ. ಗಂಟಲಿನ ಉರಿಯೂತವು ಹಿಂದಕ್ಕೆ ಹರಡಿ ಆ ರಜ್ಜುಗಳು ಇನ್ನಷ್ಟು ಸಡಿಲಗೊಂಡರೆ, ಎಲುಬು ಹೊರಳಿದಲ್ಲಿಯೇ ಸಿಕ್ಕಿಕೊಳ್ಳುವುದು. 1930ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯ ಗ್ರಿಸೆಲರ ಹೆಸರೇ ಈ ವ್ಯಾಧಿಗೆ ನಿಂತಿದೆ. ಬೆನ್ನುಹುರಿ ಇಳಿದುಬರುವುದೂ ಇದೇ ಎಲುಬುಗಳ ನಡುವಿನಿಂದ. ಆದುದರಿಂದ ಇಂತಹ ಕೊರಳನ್ನು ತಿರುಚಿ ಲಟಕ್ಕೆನ್ನಿಸುವುದನ್ನು ಎಂದಿಗೂ ಮಾಡಿಸತಕ್ಕದ್ದಲ್ಲ.

ಬೇಗನೆ ತೋರಿಸಿದರೆ ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ. ಮೊದಲ ವಾರದೊಳಗಾದರೆ ವಿಶ್ರಾಂತಿ, ಮೆತ್ತನೆಯ ಕೊರಳಪಟ್ಟಿ, ವೈದ್ಯರು ಕೊಡುವ ನೋವಿನ ಔಷಧಿ, ಸೋಂಕಿದ್ದರೆ ಅದಕ್ಕೆ ಮದ್ದು. ಇಷ್ಟರಿಂದಲೇ ಅನೇಕ ಮಕ್ಕಳ ಕೊರಳು ನೇರವಾಗುವುದು. ವಾರ ದಾಟಿದರೆ ಆಸ್ಪತ್ರೆಯಲ್ಲಿ ಮಲಗಿಸಿ, ಗಲ್ಲಕ್ಕೂ ಹಿಂದಲೆಗೂ ಪಟ್ಟಿ ಹಾಕಿ, ಸಣ್ಣ ತೂಕವನ್ನು ಇಳಿಬಿಟ್ಟು ಮೆಲ್ಲಮೆಲ್ಲನೆ ಎಳೆತ ಕೊಡುವರು. ಸರಿಹೋದ ಮೇಲೆ ಕೆಲವು ವಾರ ಕೊರಳಪಟ್ಟಿ. ತಿಂಗಳು ಮೀರಿದರೆ ತಲೆಗೆ ಲೋಹದ ಬಳೆ ತೊಡಿಸಿ ಎಳೆಯಬೇಕಾದೀತು. ಸಂದು ಮತ್ತೆ ಜಾರುವ ಭಯವೂ ಹೆಚ್ಚು. ಶಸ್ತ್ರದ ಮಾತು ಹುಟ್ಟುವುದು ಸಾಮಾನ್ಯವಾಗಿ ಹೀಗೆ ತಡವಾದಾಗ.

ಜ್ವರ ಅಥವಾ ಗಂಟಲುನೋವಿನ ಬೆನ್ನಿಗೇ ಕೊರಳು ಓರೆಯಾದರೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಮಗು ಬಿದ್ದ ಮೇಲೆ ಹೀಗಾದರೆ, ಕೈಕಾಲು ಸೋತರೆ, ನುಂಗಲಾರದೆ ಜೊಲ್ಲು ಸುರಿದರೆ, ಉಸಿರು ಕಟ್ಟಿದರೆ, ಒಂದು ಗಳಿಗೆಯೂ ತಡೆಯಬಾರದು. ಬಾಳೆಬರೆ ಘಾಟಿಯಿಳಿದು ಮಣಿಪಾಲದ ಕಡೆಗೆ ಹೋಗಲಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಲಿ, ದಾರಿಯಲ್ಲಿ ತಿರುವುಗಳೇ ಹೆಚ್ಚು. ತಲೆಯನ್ನು ನೇರಮಾಡಲು ಹೋಗದೆ, ಇದ್ದಂತೆಯೇ ಇರಿಸಿ, ಎರಡೂ ಪಕ್ಕಕ್ಕೆ ಮಡಿಸಿದ ಬಟ್ಟೆಯ ಆಸರೆ ಕೊಡಿ. ಕೊರಳು ಓರೆಯಾದ ದಿನವನ್ನು ಪಂಚಾಂಗದ ಅಂಚಿನಲ್ಲಿ ಗುರುತು ಮಾಡಿಡಿ. ಚಿಕಿತ್ಸೆಯ ಕ್ರಮವು ಆ ದಿನಗಳ ಲೆಕ್ಕವನ್ನೇ ಬಹುಮಟ್ಟಿಗೆ ಅವಲಂಬಿಸಿರುವುದು.